ರೂಪವೂ ಪರಿಚಯವೂ

ಗಂಡುಹೆಣ್ಣುಗಳ ಒಲವಿಗೆ ರೂಪವೊಂದೇ ಕಾರಣವೆಂದು ವಾದಿಸತಕ್ಕವರು ಅಮೇರಿಕೆಯ ಮಿನ್ನೆಸೋಟಾ ವಿಶ್ವವಿದ್ಯಾನಿಲಯದ ಪ್ರಯೋಗವೊಂದನ್ನು ಪದೇ ಪದೇ ಮುಂದಿಡುತ್ತಾರೆ. ಎಲೇನ್ ವಾಲ್‌ಸ್ಟರ್ ಎಂಬ ವಿದುಷಿಯೂ ಆಕೆಯ ಸಹೋದ್ಯೋಗಿಗಳೂ ನಡೆಸಿ, 1966ರಲ್ಲಿ ಪ್ರಕಟಿಸಿದ ಈ ಪ್ರಯೋಗದ ಬೆಲೆಯನ್ನು ವಾಚಕರು ತಾವೇ ತೂಗಿನೋಡಬೇಕು.

ಹೊಸದಾಗಿ ಸೇರಿದ 752 ಮಂದಿ ವಿದ್ಯಾರ್ಥಿ ವಿದ್ಯಾರ್ಥಿನಿಯರಿಗಾಗಿ ನೃತ್ಯಕೂಟವೊಂದನ್ನು ಏರ್ಪಡಿಸಿ, ಅವರವರ ಅಭಿರುಚಿಗೆ ಒಪ್ಪುವ ಜೊತೆಯನ್ನು ಗಣಕಯಂತ್ರವು ಆರಿಸಿಕೊಡುವುದೆಂದು ನಂಬಿಸಲಾಯಿತು. ಅದು ಸುಳ್ಳು. ಗಂಡಿಗಿಂತ ಹೆಣ್ಣು ಎತ್ತರವಾಗಿರಕೂಡದೆಂಬ ಒಂದು ನಿಯಮವನ್ನುಳಿದು, ಚೀಟಿಯೆತ್ತಿದಂತೆ ಜೊತೆಗೂಡಿಸಿದ್ದರು. ಟಿಕೇಟು ಕೊಳ್ಳಲು ಬಂದವರನ್ನು ನಾಲ್ವರು ಗುಟ್ಟಾಗಿ ನೋಡಿ ರೂಪಕ್ಕೆ ಅಂಕಗಳನ್ನೂ ಹಾಕಿದ್ದರು. (ಇದು ವಿದ್ಯಾಪೀಠಕ್ಕೆ ಶೋಭಿಸುವ ಕೆಲಸವೆಂದು ನಮಗೆ ತೋರುವುದಿಲ್ಲ.) ಕೂಟದ ನಡುವೆ ವಿಚಾರಿಸಲಾಗಿ, ಜೊತೆಯವರನ್ನು ಮೆಚ್ಚುವುದಕ್ಕೂ ಮತ್ತೆ ಕಾಣಬಯಸುವುದಕ್ಕೂ ಬುದ್ಧಿ ಸ್ವಭಾವಗಳ ಅಳತೆಗಳು ಲೆಕ್ಕಕ್ಕೆ ಬರಲಿಲ್ಲ, ರೂಪವೊಂದೇ ಬಂದಿತು. ಜನರು ತಮ್ಮ ರೂಪಕ್ಕೆ ತಕ್ಕವರನ್ನೇ ಬಯಸುವರೆಂಬ ಸಂಶೋಧಕರ ಊಹೆಯೂ ನಿಲ್ಲಲಿಲ್ಲ. ಈ ಚಾಪಲ್ಯವು ಗಂಡಸರದು ಮಾತ್ರವೆಂಬವರಿಗೂ ಉತ್ತರ ದೊರೆಯಿತು. ಹೆಂಗಸರೂ ಹಾಗೆಯೇ ನಡೆದುಕೊಂಡರು. ಕನ್ಯೆಯು ರೂಪವನ್ನು ಬಯಸುವಳೆಂದು ನಮ್ಮ ಸುಭಾಷಿತಕಾರನು ಯಾವ ಯಂತ್ರದ ನೆರವೂ ಇಲ್ಲದೆ ಎಂದೋ ಹೇಳಿದ್ದಾನೆ.

ಈ ಫಲವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗುರುತಿಲ್ಲದ ಇಬ್ಬರನ್ನು ವಾದ್ಯಗಳ ಗದ್ದಲದಲ್ಲಿ ಕೆಲವೇ ಗಂಟೆಗಳ ಕಾಲ ನಿಲ್ಲಿಸಿದರೆ, ಕಣ್ಣಿಗೆ ಕಾಣುವುದನ್ನುಳಿದು ಮತ್ತೇನು ತಿಳಿದೀತು? ಗುಣಕ್ಕೆ ಆ ಹೊತ್ತು ಸಾಲದೆಂಬುದಷ್ಟೇ ಅಲ್ಲಿ ಸಿದ್ಧವಾಯಿತು.

ಹಂಟ್, ಈಸ್ಟ್‌ವಿಕ್, ಫಿಂಕೆಲ್ ಎಂಬ ಮೂವರು 2015ರಲ್ಲಿ 167 ಜೋಡಿಗಳ ವಿಚಾರವನ್ನು ಪ್ರಕಟಿಸಿದರು. ಪರಿಚಯವಾದ ಸ್ವಲ್ಪ ಕಾಲದಲ್ಲೇ ಪ್ರಣಯಕ್ಕೆ ತೊಡಗಿದವರು ರೂಪದಲ್ಲಿ ಒಬ್ಬರಿಗೊಬ್ಬರು ಸರಿಸಾಟಿಯಾಗಿದ್ದರು. ಎಲ್ಲರೂ ಚೆಲುವರನ್ನೇ ಬಯಸಿದಾಗ ಚೆಲುವರು ಚೆಲುವರ ಪಾಲಾಗುವುದು ಸಹಜವಷ್ಟೆ. ಬಹುಕಾಲ ಸ್ನೇಹಿತರಾಗಿದ್ದು ಅನಂತರ ಕೂಡಿದವರಲ್ಲಾದರೋ ಆ ಸರಿಸಾಟಿ ಬಹಳ ಸಡಿಲವಾಗಿತ್ತು. ಒಡನಾಟದಲ್ಲಿ ಒಬ್ಬೊಬ್ಬರ ಕಣ್ಣಿಗೆ ಬೇರೆ ಬೇರೆ ಚೆಲುವು ಕಾಣತೊಡಗುತ್ತದೆ.

ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರವೂ ಆ ನೃತ್ಯಕೂಟಕ್ಕಿಂತ ಉದಾರವಾದುದೇನಲ್ಲ. ಒಂದು ಭಾವಚಿತ್ರ, ಒಂದು ತಟ್ಟೆ ಉಪ್ಪಿಟ್ಟು, ಹಿರಿಯರೆದುರಿಗೆ ಎರಡು ಮಾತು. ಅಷ್ಟರಲ್ಲೇ ರೂಪ ಸಾಲದೆನಿಸಿಕೊಂಡ ಕನ್ಯೆಯು ಅದನ್ನು ತನ್ನ ಹಣೆಯ ಬರಹವೆಂದು ತಿಳಿಯುತ್ತಾಳೆ. ತಪ್ಪು ಆ ಏರ್ಪಾಡಿನದು. ಉತ್ತರವನ್ನು ಮೊದಲ ಸಂಜೆಯೇ ಕೇಳದೆ, ವಧೂವರರು ನಾಲ್ಕಾರು ಸಲ ಕುಳಿತು ಮಾತನಾಡುವುದಕ್ಕೆ ಉಭಯ ಪಕ್ಷದ ಹಿರಿಯರು ಎಡೆಗೊಡುವರೇ?