‘ಮೈಬಣ್ಣ’ ಎಂಬ ಕಾಲಂ ಅಳಿಸೋಣ

ಯಲಹಂಕ ಹೊಸ ನಗರದಿಂದ ಹೆಬ್ಬಾಳಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಪಕ್ಕ ಕುಳಿತು ದಾರಿಯ ಬೋರ್ಡುಗಳನ್ನು ಓದುವುದು ನನ್ನ ಹಳೆಯ ಅಭ್ಯಾಸ. ಮೂವತ್ತು ವರ್ಷಗಳ ಹಿಂದೆ ತಿಪಟೂರಿನ ಕಡೆಯಿಂದ ವರ್ಗವಾಗಿ, ಶಾಲಾ ಶಿಕ್ಷಕಿಯಾಗಿ ಇಲ್ಲಿಗೆ ಬಂದಾಗ ಈ ಸುತ್ತಿನಲ್ಲಿ ದ್ರಾಕ್ಷಿ ತೋಟಗಳಿದ್ದವು. ಬೋರ್ಡು ಎಂದರೆ ಗೊಬ್ಬರದ ಅಂಗಡಿಯದು, ಪಂಪ್‌ಸೆಟ್ ರಿಪೇರಿಯದು. ಈಗ ಕಣ್ಣಿಗೆ ಬೀಳುವುದು ಸ್ಕಿನ್ ಕ್ಲಿನಿಕ್, ಹೇರ್ ಕ್ಲಿನಿಕ್, ಲೇಸರ್ ಸೆಂಟರ್. ಮುಖದ ಸುಕ್ಕು ತೆಗೆಯುತ್ತಾರಂತೆ, ಬೊಜ್ಜು ಕರಗಿಸುತ್ತಾರಂತೆ, ಬೋಳುತಲೆಗೆ ಕೂದಲು ನೆಡುತ್ತಾರಂತೆ. ಮದುಮಗಳಿಗೆ ಪ್ಯಾಕೇಜ್ ಇದೆ, ಹಣವನ್ನು ಕಂತಿನಲ್ಲಿ ಕಟ್ಟಬಹುದು. ಬಹಳ ಕಾಲ ಇವನ್ನೆಲ್ಲ ದುಡ್ಡಿದ್ದವರ ಶೋಕಿ ಎಂದುಕೊಂಡು ನಕ್ಕು ಸುಮ್ಮನಿದ್ದೆ. ಅದು ನಮ್ಮ ಮನೆಯೊಳಗೇ ಬಂದು ಕುಳಿತಿದೆ ಎಂದು ಗೊತ್ತಾದದ್ದು ಕಳೆದ ವರ್ಷ.

ನನ್ನ ತಂಗಿಯ ಮಗಳು ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸದಲ್ಲಿದ್ದಾಳೆ. ಒಂದು ಭಾನುವಾರ ಮನೆಗೆ ಬಂದಾಗ ಅವಳ ಕೆನ್ನೆ ಬಿಸಿಲಿಗೆ ಸುಟ್ಟಂತೆ ಕೆಂಪಾಗಿತ್ತು. ಚರ್ಮ ಈರುಳ್ಳಿ ಪೊರೆಯಂತೆ ತೆಳ್ಳಗಾಗಿ ಒಳಗಿನ ಸಣ್ಣ ನರಗಳು ಕಾಣುತ್ತಿದ್ದವು. ಒಲೆಯ ಮುಂದೆ ನಿಂತರೂ ಉರಿ. ಕೇಳಿದಾಗ ಮೊದಲು ಏನೂ ಇಲ್ಲ ಎಂದಳು. ಆಮೇಲೆ ಬಾಯಿ ಬಿಟ್ಟಳು. ಬೆಳ್ಳಗಾಗಲೆಂದು ಎಂಟು ತಿಂಗಳಿಂದ ಮೆಡಿಕಲ್ ಶಾಪಿನ ಒಂದು ಟ್ಯೂಬ್ ಹಚ್ಚುತ್ತಿದ್ದಳು. ಯಾವ ವೈದ್ಯರ ಚೀಟಿಯೂ ಇರಲಿಲ್ಲ. ಅದು ಸಾಲದೆಂದು ಒಂದು ಕಡೆ ಹೋಗಿ ಬೆಳ್ಳಗಾಗುವ ಡ್ರಿಪ್ ಹಾಕಿಸಿಕೊಳ್ಳಲು ಮುಂಗಡವನ್ನೂ ಕೊಟ್ಟಿದ್ದಳು.

ನನಗೆ ಸಿಟ್ಟು ಬಂತು. ಓದಿದವಳು, ನಿನಗೆ ಬುದ್ಧಿ ಬೇಡವೇ ಎಂದು ಗದರಿದೆ. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು: “ದೊಡ್ಡಮ್ಮ, ಹೋದ ಸಲ ಗಂಡಿನ ಕಡೆಯವರು ನೋಡಿಕೊಂಡು ಹೋದ ಮೇಲೆ ಅಮ್ಮನ ಹತ್ತಿರ ನೀವೇ ಹೇಳ್ತಾ ಇದ್ರಿ, ಇನ್ನೊಂದು ಚೂರು ಬಣ್ಣ ಇದ್ದಿದ್ರೆ ಒಪ್ಪಿಕೊಳ್ಳೋರು ಅಂತ. ನಾನು ಒಳಗಡೆ ಸೀರೆ ಬಿಚ್ತಾ ಇದ್ದೆ, ಕೇಳಿಸ್ತು.”

ನಾನು ಹಾಗೆ ಹೇಳಿದ್ದು ನಿಜ. ಅಡುಗೆಮನೆಯಲ್ಲಿ ಕಾಫಿ ಲೋಟ ತೊಳೆಯುತ್ತಾ ಹೇಳಿದ್ದೆ. ಮೂವತ್ತೆರಡು ವರ್ಷ ಮಕ್ಕಳಿಗೆ ಶರಣರ ವಚನ ಹೇಳಿಕೊಟ್ಟ ಬಾಯಿಯಿಂದಲೇ ಆ ಮಾತು ಬಂದಿತ್ತು.

ಚರ್ಮದ ವೈದ್ಯರ ಬಳಿ ಕರೆದುಕೊಂಡು ಹೋದೆವು. ಟ್ಯೂಬಿನಲ್ಲಿದ್ದದ್ದು ಸ್ಟೀರಾಯ್ಡ್. ಇಸುಬಿನಂಥ ಕಾಯಿಲೆಗೆ, ಕೆಲವೇ ದಿನ, ವೈದ್ಯರ ಕಣ್ಣಳತೆಯಲ್ಲಿ ಹಚ್ಚಬೇಕಾದ ಔಷಧ ಅದು. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಮೊದಲ ಕೆಲವು ವಾರ ಬಣ್ಣ ತಿಳಿಯಾದಂತೆ ಕಾಣುತ್ತದೆ. ಬರಬರುತ್ತ ಚರ್ಮ ಸವೆಯುತ್ತದೆ, ಮೊಡವೆ ಏಳುತ್ತದೆ, ಕೆಲವರಿಗೆ ಮುಖದ ಮೇಲೆ ಕೂದಲು ಬರುತ್ತದೆ. ನಿಲ್ಲಿಸಿದರೆ ಉರಿ ಇಮ್ಮಡಿಯಾಗುವುದರಿಂದ ಜನ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಇಂಥ 14 ಬಗೆಯ ಸ್ಟೀರಾಯ್ಡ್ ಲೇಪನಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಆದೇಶಿಸಿದೆ. ಆದರೂ ನಮ್ಮ ಹುಡುಗಿಗೆ ಅದು ತಲೆನೋವಿನ ಮಾತ್ರೆಯಷ್ಟೇ ಸುಲಭವಾಗಿ ಸಿಕ್ಕಿತ್ತು.

ಡ್ರಿಪ್ ವಿಷಯವೂ ಅಷ್ಟೇ. ಅದರಲ್ಲಿ ಹಾಕುವುದು ಹೆಚ್ಚಾಗಿ ಗ್ಲುಟಾಥಯೋನ್ ಎಂಬ ವಸ್ತು. ಬಣ್ಣ ಬದಲಿಸಲು ಇದನ್ನು ರಕ್ತನಾಳಕ್ಕೆ ಚುಚ್ಚುವುದು ಸುರಕ್ಷಿತವಲ್ಲ ಎಂದು ಫಿಲಿಪ್ಪೀನ್ಸ್ ದೇಶದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಸಿತ್ತು. ಕ್ರೀಮಿನಿಂದ ಏನಾದೀತು ಎನ್ನುವವರು ಪಕ್ಕದ ಕೇರಳವನ್ನು ನೋಡಬಹುದು. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರ ನಡುವೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ಪರೀಕ್ಷಿಸಿದರು. ಅವರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದರು. ವೈದ್ಯರು ಬೊಟ್ಟು ಮಾಡಿದ್ದು ಕ್ರೀಮಿನಲ್ಲಿದ್ದ ಪಾದರಸದ ಕಡೆಗೆ.

ಅಂದು ರಾತ್ರಿ ನನಗೆ ನೆನಪಾದದ್ದು ಚೇತನಾ ರಾಜ್. ‘ಗೀತಾ’, ‘ದೊರೆಸಾನಿ’ ಧಾರಾವಾಹಿಗಳಲ್ಲಿ ನಟಿಸಿದ್ದ ಆ ಹುಡುಗಿಗೆ 21 ವರ್ಷ. ಮನೆ ನಮ್ಮ ಉತ್ತರ ಬೆಂಗಳೂರಿನ ಅಬ್ಬಿಗೆರೆಯಲ್ಲಿ. 2022ರ ಮೇ 16ರಂದು ನಗರದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಬೊಜ್ಜು ತೆಗೆಸುವ ಶಸ್ತ್ರಚಿಕಿತ್ಸೆಗೆ ಸೇರಿದವರು ಅದೇ ದಿನ ತೀರಿಕೊಂಡರು. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತೆಂದು ವರದಿಯಾಯಿತು. ನಿರ್ಲಕ್ಷ್ಯವೇ ಸಾವಿಗೆ ಕಾರಣವೆಂದು ಹೆತ್ತವರು ಆರೋಪಿಸಿದರು. ಆ ದಿನದ ಸುದ್ದಿಯಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಮಾತು. ಹುಡುಗಿ ಸ್ನೇಹಿತರ ಜೊತೆ ಹೋಗಿದ್ದಳು, ಮನೆಯಲ್ಲಿ ಮೊದಲೇ ಹೇಳಿರಲಿಲ್ಲ.

ಬೊಜ್ಜು ತೆಗೆಯುವುದು ಬ್ಯೂಟಿ ಪಾರ್ಲರಿನ ಕೆಲಸವಲ್ಲ. ಚರ್ಮಕ್ಕೆ ಸಣ್ಣ ರಂಧ್ರ ಮಾಡಿ, ಮರಗಟ್ಟಿಸುವ ಔಷಧ ಬೆರೆಸಿದ ದ್ರಾವಣವನ್ನು ಒಳಗೆ ಬಿಟ್ಟು, ಕೊಳವೆಯಿಂದ ಕೊಬ್ಬನ್ನು ಹೀರಿ ತೆಗೆಯುತ್ತಾರೆ. ಕೊಬ್ಬಿನ ಕಣ ರಕ್ತಕ್ಕೆ ಸೇರಿ ಶ್ವಾಸಕೋಶಕ್ಕೆ ಹೋಗಬಹುದು. ಔಷಧದ ಪ್ರಮಾಣ ಹೆಚ್ಚಾದರೆ ಹೃದಯಕ್ಕೆ ಅಪಾಯ. ತೂಕ ಇಳಿಸುವ ಚಿಕಿತ್ಸೆಯಂತೂ ಇದಲ್ಲವೇ ಅಲ್ಲ. ಇಷ್ಟು ತಿಳಿದ ಯಾರಾದರೂ ಒಬ್ಬರು ಮನೆಯಲ್ಲಿ ಕುಳಿತು ಮಾತಾಡಿದ್ದರೆ ಏನಾಗುತ್ತಿತ್ತೋ ನಾನು ಹೇಳಲಾರೆ. ಆದರೆ ಅಂದು ಟಿ.ವಿ. ಮುಂದೆ ಕುಳಿತು ನಾನು ಏನು ಅಂದೆನೆಂಬುದು ನೆನಪಿದೆ: “ಇವಳಿಗೇನು ಕಡಿಮೆಯಾಗಿತ್ತು?” ನಮ್ಮ ಮನೆಯ ಹುಡುಗಿ ಆಗ ಅಲ್ಲೇ ಕುಳಿತಿದ್ದಳು. ಮುಂದೆ ತನ್ನ ಟ್ಯೂಬನ್ನು ನಮ್ಮಿಂದ ಬಚ್ಚಿಟ್ಟದ್ದರಲ್ಲಿ ಆಶ್ಚರ್ಯವೇನಿದೆ? ಬಣ್ಣ ಕಡಿಮೆ ಎನ್ನುವವರೂ ನಾವೇ, ಬಣ್ಣಕ್ಕಾಗಿ ಹೋದರೆ ಬೈಯುವವರೂ ನಾವೇ. ಎರಡರ ನಡುವೆ ಸಿಕ್ಕಿಕೊಂಡ ಮಕ್ಕಳು ಗುಟ್ಟಾಗಿ ಹೋಗುತ್ತಾರೆ. ಗುಟ್ಟಾಗಿ ಹೋದವರಿಗೆ ಎರಡನೆಯ ವೈದ್ಯರ ಅಭಿಪ್ರಾಯ ಕೇಳಲು ಆಗದು, ನೋವಾದಾಗ ಮನೆಗೆ ಫೋನ್ ಮಾಡಲೂ ಧೈರ್ಯ ಬಾರದು.

ನಾನು ಶಸ್ತ್ರಚಿಕಿತ್ಸೆಯ ವಿರೋಧಿಯಲ್ಲ. ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ಶ್ರೀರಂಗಪಟ್ಟಣದ ಹೆಸರೂ ಬರುತ್ತದೆ. 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಬಂಡಿ ಹೊಡೆಯುತ್ತಿದ್ದ ಕೌಸಜಿ ಎಂಬಾತ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷವೊಂದು ಕಳೆದ ಮೇಲೆ ಪುಣೆಯ ಬಳಿ ಒಬ್ಬಾತ ಅವನ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗು ಮಾಡಿಕೊಟ್ಟ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದನ್ನು ಚಿತ್ರಸಮೇತ ಅಚ್ಚುಮಾಡಿತು. ಅದನ್ನು ತಿಳಿದು ಯುರೋಪಿನ ವೈದ್ಯರು ಆ ವಿಧಾನ ಕಲಿತರು. ಆ ಮೂಗು ಕಟ್ಟಿದವನು ಇಟ್ಟಿಗೆ ಮಾಡುವ ಜಾತಿಯವನೆಂದು ಆ ಬರಹ ಹೇಳುತ್ತದೆ. ಕಾಯಕವನ್ನು ಹುಟ್ಟಿನಿಂದ ಅಳೆಯಬಾರದೆನ್ನುವ ನಮಗೆ ಇದಕ್ಕಿಂತ ಸಂತೋಷದ ಸಂಗತಿ ಯಾವುದು? ಇಂದೂ ಸುಟ್ಟ ಮುಖಕ್ಕೆ, ಸೀಳು ತುಟಿಯ ಮಗುವಿಗೆ, ಅಪಘಾತದಲ್ಲಿ ಮುರಿದ ದವಡೆಗೆ ಅದೇ ವಿದ್ಯೆ ಬದುಕು ಕೊಡುತ್ತಿದೆ. ಅದು ಕಳೆದುಹೋದದ್ದನ್ನು ಮರಳಿ ಕೊಡುವ ಕೆಲಸ. ನಾನು ಕೇಳುತ್ತಿರುವುದು ಏನೂ ಕಳೆದುಕೊಳ್ಳದ ಮಕ್ಕಳಿಗೆ ಏನೋ ಕಡಿಮೆಯಿದೆ ಎಂದು ಕಲಿಸಿದವರು ಯಾರು ಎಂದು.

ವಯಸ್ಸಾದವರಾದ ನಾವು ಇದರಿಂದ ಹೊರಗಿದ್ದೇವೆಯೇ? ಹುಬ್ಬಿನ ನಡುವಿನ ಗೆರೆಗೆ ಚುಚ್ಚುವ ಬೊಟಾಕ್ಸ್‌ಗೆ ಅಮೆರಿಕ 2002ರಲ್ಲಿ ಅನುಮತಿ ಕೊಟ್ಟಿತು. ಅದು ಒಂದು ಬ್ಯಾಕ್ಟೀರಿಯಾದ ವಿಷ. ಅತಿ ಸಣ್ಣ ಪ್ರಮಾಣದಲ್ಲಿ ಸ್ನಾಯುವನ್ನು ಸಡಿಲಗೊಳಿಸುತ್ತದೆ. ಮೂರು ನಾಲ್ಕು ತಿಂಗಳಲ್ಲಿ ಪರಿಣಾಮ ಇಳಿಯುತ್ತದೆ, ಮತ್ತೆ ಚುಚ್ಚಿಸಿಕೊಳ್ಳಬೇಕು. ಅರುವತ್ತಕ್ಕೆ ನಲವತ್ತರ ಮುಖ ಬೇಕೆನ್ನುವವರು ಹೀಗೆ ಮುಪ್ಪಿಗೆ ಕಂತು ಕಟ್ಟುತ್ತಾ ಹೋಗುತ್ತಾರೆ. ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ಹದಿನೈದು ವರ್ಷ ತಲೆಗೆ ಬಣ್ಣ ಹಚ್ಚಿದವಳು ನಾನು. ನೆತ್ತಿ ತುರಿಸಿ ಗುಳ್ಳೆ ಎದ್ದರೂ ಬಿಟ್ಟಿರಲಿಲ್ಲ. ಬಿಟ್ಟದ್ದು ನಿವೃತ್ತಿಯಾದ ಮೇಲೆ. ಮುಪ್ಪು ಬಂದು ಕೈಕಾಲು ಸೋಲುವ ಮೊದಲೇ ಮಾಡಬೇಕಾದ ಪೂಜೆ ಮಾಡು ಎಂಬ ಅರ್ಥದ ಬಸವಣ್ಣನವರ ವಚನವನ್ನು ಎಷ್ಟು ತರಗತಿಗಳಿಗೆ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ಅಲ್ಲಿ ನರೆತ ಕೂದಲಿನ ಬಗ್ಗೆ ನಾಚಿಕೆ ಇಲ್ಲ, ಉಳಿದ ಹೊತ್ತಿನ ಬಗ್ಗೆ ಎಚ್ಚರ ಇದೆ. ಪಾಠ ಮಾಡಿದವಳಿಗೇ ಅದು ತಡವಾಗಿ ಅರ್ಥವಾಯಿತು.

ದೇಹವೇ ದೇವಾಲಯ ಎನ್ನುವ ಪರಂಪರೆ ನಮ್ಮದು. ಇಷ್ಟಲಿಂಗವನ್ನು ಇದೇ ಮೈಮೇಲೆ ಧರಿಸುತ್ತೇವೆ. ಕಪ್ಪು ಮೈ, ಬಿಳಿ ಮೈ ಎಂದು ಲಿಂಗ ಭೇದ ಮಾಡಿದ್ದುಂಟೆ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದಾಗ ಶರಣರು ಹುಟ್ಟನ್ನು ನೋಡಲಿಲ್ಲ. ಅದಕ್ಕಾಗಿ ಆ ತಂದೆಯರಿಬ್ಬರೂ ಪ್ರಾಣವನ್ನೇ ತೆತ್ತರು. ಅವರ ಹೆಸರು ಹೇಳುವ ನಾವು ಇಂದು ಮದುವೆಗೆ ಮುನ್ನ ಏನು ನೋಡುತ್ತಿದ್ದೇವೆ?

ಎರಡು ತಿಂಗಳ ಹಿಂದೆ ನಗರದಲ್ಲಿ ಒಂದು ವಧು-ವರರ ಸಮಾವೇಶಕ್ಕೆ ತಂಗಿಯ ಜೊತೆ ಹೋಗಿದ್ದೆ. ವೇದಿಕೆಯ ಹಿಂದೆ ಬಸವಣ್ಣನವರ ದೊಡ್ಡ ಭಾವಚಿತ್ರ. ಕೈಗೆ ಕೊಟ್ಟ ಅರ್ಜಿಯಲ್ಲಿ ಹೆಸರು, ವಿದ್ಯೆ, ಉದ್ಯೋಗ, ಒಳಪಂಗಡ, ಎತ್ತರ, ಮೈಬಣ್ಣ. ಮೈಬಣ್ಣದ ಮುಂದೆ ಬಿಳಿ, ಗೋಧಿ, ಕಪ್ಪು ಎಂದು ಮೂರು ಚೌಕಗಳು. ನಾನು ಖಾಲಿ ಬಿಟ್ಟೆ. ಮೇಜಿನ ಹಿಂದಿದ್ದ ಹುಡುಗ ವಿನಯದಿಂದಲೇ ಕೇಳಿದ: “ಅಮ್ಮಾ, ಇದೊಂದು ಬಿಟ್ಟಿದ್ದೀರಿ. ಗೋಧಿ ಅಂತ ಹಾಕಿಬಿಡ್ಲಾ? ಎಲ್ಲರೂ ಅದನ್ನೇ ಹಾಕಿಸ್ತಾರೆ.” ಬೇಡಪ್ಪಾ, ಗೆರೆ ಎಳೆದುಬಿಡು ಎಂದೆ. ಅವನು ಗೊಂದಲದಿಂದ ಹಿರಿಯರ ಮುಖ ನೋಡಿದ. ಕಾಲಂ ಖಾಲಿ ಇದ್ದರೆ ಗಂಡಿನವರು ಅನುಮಾನ ಪಡುತ್ತಾರೆ ತಾಯಿ ಎಂದರು ಹಿರಿಯರು. ಅವರು ಕೆಟ್ಟವರಲ್ಲ. ನಮ್ಮ ಹುಡುಗಿಗೆ ಒಳ್ಳೆಯದಾಗಲೆಂದೇ ಹೇಳಿದರು. ಹಿಂದೆ ನಾನು ಅಡುಗೆಮನೆಯಲ್ಲಿ ಆಡಿದ ಮಾತೂ ಒಳ್ಳೆಯದಾಗಲೆಂದು ಆಡಿದ್ದೇ.

ಆದ್ದರಿಂದ ಮಠಗಳ ಪೂಜ್ಯರಲ್ಲಿ, ಸಮಾವೇಶ ನಡೆಸುವ ಸಮಾಜದ ಹಿರಿಯರಲ್ಲಿ ನನ್ನ ಅರಿಕೆ ಚಿಕ್ಕದು. ಅರ್ಜಿಯಿಂದ ಆ ಒಂದು ಸಾಲನ್ನು ತೆಗೆಯಿರಿ. ಒಳಪಂಗಡದ ಸಾಲನ್ನೂ ತೆಗೆದರೆ ಇನ್ನೂ ಒಳ್ಳೆಯದು, ಅದರ ಚರ್ಚೆ ಈ ಪತ್ರಿಕೆಯಲ್ಲಿ ಬೇಕಾದಷ್ಟು ನಡೆದಿದೆ. ಬಣ್ಣದ ಸಾಲು ತೆಗೆಯಲು ಯಾವ ಚರ್ಚೆಯೂ ಬೇಕಿಲ್ಲ. ಮುಂದಿನ ಸಲ ಅರ್ಜಿ ಅಚ್ಚುಮಾಡಿಸುವಾಗ ಬಿಟ್ಟುಬಿಟ್ಟರಾಯಿತು. ಒಂದು ಸಾಲು ಹೋದ ಮಾತ್ರಕ್ಕೆ ನೋಡುವ ಕಣ್ಣು ಬದಲಾಗದು ಎನ್ನಬಹುದು. ನಿಜ. ಆದರೆ ಬಸವಣ್ಣನವರ ಚಿತ್ರದ ಕೆಳಗೆ ಕುಳಿತು ನಾವೇ ಅದನ್ನು ಕೇಳುವುದಾದರೂ ನಿಲ್ಲುತ್ತದೆ.

ಮನೆಯ ಹಿರಿಯರಿಗೂ ಒಂದು ಮಾತು. ಮಗಳು ಇಲ್ಲವೇ ಮಗ ಇಂಥ ಚಿಕಿತ್ಸೆಯ ಮಾತೆತ್ತಿದರೆ ಬೈಯಬೇಡಿ, ಜೊತೆಗೆ ಹೋಗಿ. ಕೂದಲು ನೆಡಿಸಿಕೊಳ್ಳಲು ಹೋಗುವ ಗಂಡುಮಕ್ಕಳೂ ಗುಟ್ಟಾಗಿಯೇ ಹೋಗುತ್ತಿದ್ದಾರೆ. ಹೋದಲ್ಲಿ ಕೇಳಿ: ಚಿಕಿತ್ಸೆ ಮಾಡುವವರು ಪ್ಲಾಸ್ಟಿಕ್ ಸರ್ಜರಿ ಅಥವಾ ಚರ್ಮರೋಗದಲ್ಲಿ ಓದಿದವರೇ? ವೈದ್ಯಕೀಯ ಪರಿಷತ್ತಿನ ನೋಂದಣಿ ಇದೆಯೇ? ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಕ್ಲಿನಿಕ್ ನೋಂದಣಿಯಾಗಿದೆಯೇ, ಆ ಸಂಖ್ಯೆ ಗೋಡೆಯ ಮೇಲೆ ಕಾಣುತ್ತದೆಯೇ? ಅರಿವಳಿಕೆ ಕೊಡುವ ತಜ್ಞರು ಯಾರು? ಉಸಿರಾಟ ಕೆಟ್ಟರೆ ತುರ್ತು ನಿಗಾ ಘಟಕ ಇಲ್ಲೇ ಇದೆಯೇ? ಚುಚ್ಚುವ ಔಷಧದ ಹೆಸರೇನು? ಕಾರ್ಯಾಗಾರದಲ್ಲಿ, ಯೂಟ್ಯೂಬಿನಲ್ಲಿ ನೋಡಿ ಕಲಿತವರು ಕೂದಲು ನೆಡುವಂಥ ಕೆಲಸ ಮಾಡಬಾರದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಬೇಕಾಯಿತು. ಈ ಪ್ರಶ್ನೆಗಳಿಗೆ ಮುಖ ಗಂಟುಹಾಕುವ ಕಡೆ ಒಂದು ನಿಮಿಷವೂ ಕೂರಬೇಡಿ.

ನಮ್ಮ ಹುಡುಗಿಯ ಕೆನ್ನೆ ವಾಸಿಯಾಗುತ್ತಿದೆ, ಬಹಳ ನಿಧಾನವಾಗಿ. ಡ್ರಿಪ್ಪಿಗೆ ಕೊಟ್ಟ ಮುಂಗಡ ವಾಪಸು ಬರಲಿಲ್ಲ. ಮದುವೆ ಇನ್ನೂ ಕೂಡಿಬಂದಿಲ್ಲ. ಕಳೆದ ವಾರ ಬಂದವಳು ನನ್ನ ಬಿಳಿಕೂದಲಿಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಾ, ಮತ್ತೊಬ್ಬರು ನೋಡಲು ಬರುತ್ತಾರಂತೆ ಎಂದಳು. ಬರಲಿ ಬಿಡು ಎಂದೆ. ಅವರು ಹೋದ ಮೇಲೆ ಏನು ಮಾತಾಡಬೇಕು, ಏನು ಮಾತಾಡಬಾರದು ಎಂಬುದನ್ನು ನಾನೂ ನನ್ನ ತಂಗಿಯೂ ಈ ಸಲ ಮೊದಲೇ ತೀರ್ಮಾನಿಸಿದ್ದೇವೆ.