ಮುಖಚಿತ್ರವೂ ಒಳಗಿನ ಸರಕೂ

ಕಳೆದ ವಾರ ಮೆಲ್ಕಾರಿನ ನಮ್ಮ ಪರಿಚಯಸ್ಥರೊಬ್ಬರ ಮಗನು ಕಾರ್ಯಾಲಯಕ್ಕೆ ಬಂದು, ಮೂರು ಚಿತ್ರಗಳನ್ನು ಮೇಜಿನ ಮೇಲಿರಿಸಿ, “ಇವುಗಳಲ್ಲಿ ಯಾವುದು ಆದೀತು, ತಾವೇ ಹೇಳಬೇಕು” ಎಂದನು. ಪುಸ್ತಕದ ಹೊದಿಕೆಯೋ ಎಂದು ಕೇಳಿದೆವು. ಅಲ್ಲವಂತೆ, ನಾಲ್ಕು ವರ್ಷಗಳಿಂದ ಹಗಲು ಅನ್ಯರ ನೌಕರಿ ಮಾಡಿ, ರಾತ್ರಿ ನಿದ್ದೆಗೆಟ್ಟು ತಾನೊಬ್ಬನೇ ನಿರ್ಮಿಸಿದ ವಿಡಿಯೋ ಗೇಮಿನ ಮುಖಚಿತ್ರವಂತೆ. ಮುದ್ರಣದ ಮಸಿಯಲ್ಲಿ ಆಯುಷ್ಯ ಕಳೆದವರಿಗೆ ಹೊದಿಕೆಯ ಗುಣದೋಷವಾದರೂ ತಿಳಿದಿರಬಹುದೆಂಬ ಭರವಸೆಯಿಂದ ಬಂದಿದ್ದನು. ಈ ವಿಷಯವು ಪತ್ರಿಕೆಯ ಸಂಪಾದಕೀಯ ಪುಟಕ್ಕೆ ತಕ್ಕುದಲ್ಲವೆಂದು ಕೆಲವು ವಾಚಕ ಮಹಾಶಯರು ಹುಬ್ಬೇರಿಸಬಹುದು. ಆದರೂ ಒಬ್ಬ ತರುಣನ ನಾಲ್ಕು ವರ್ಷಗಳ ದುಡಿಮೆಯು ಅಂಗೈಯಷ್ಟೂ ಅಗಲವಿಲ್ಲದ ಚಿತ್ರವೊಂದನ್ನು ನೆಚ್ಚಿಕೊಂಡಿರುವಾಗ ಅದನ್ನು ಕುರಿತು ಎರಡು ಮಾತು ಬರೆಯುವುದು ಅಪ್ರಕೃತವೆನಿಸದೆಂದು ನಂಬಿದ್ದೇವೆ.

ಆಟದ ಕಥೆ ನಮ್ಮ ನೆಲದ್ದೇ. 1923ರಲ್ಲಿ ನೇತ್ರಾವತಿಯು ಉಕ್ಕಿ ಬಂಟವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿದ ಪ್ರವಾಹವನ್ನು ನಮ್ಮ ಹಿರಿಯರು ‘ಮಾರಿಬೊಳ್ಳ’ವೆಂದು ಕರೆಯುತ್ತಿದ್ದರಷ್ಟೆ. ಮುಟ್ಟಾಳೆ ಧರಿಸಿದ ದೋಣಿಯವನೊಬ್ಬನು ಆ ಕೆನ್ನೀರಿನಲ್ಲಿ ಮಾಡಿನ ಮೇಲೆ ಕುಳಿತ ಜನರನ್ನೂ, ಕೊರಳವರೆಗೆ ಮುಳುಗಿದ ದನಕರುಗಳನ್ನೂ ದಡ ಸೇರಿಸಬೇಕು. ದೋಣಿಗೆ ಭಾರ ಹೆಚ್ಚಾದರೆ ಮಗುಚುವುದು. ಯಾರನ್ನು ಹತ್ತಿಸಿಕೊಳ್ಳುವುದು, ಯಾರನ್ನು ಬಿಟ್ಟು ಬರುವುದು ಎಂಬುದನ್ನು ಆಡುವವನೇ ನಿಶ್ಚಯಿಸಬೇಕು. ಅರ್ಧ ಗಂಟೆ ಆಡಿ ನೋಡಿದ ನಮಗೆ ಒಬ್ಬ ಮುದುಕಿಯನ್ನು ಮಾಡಿನ ಮೇಲೆಯೇ ಬಿಟ್ಟು ಬರಬೇಕಾಗಿ, ಆ ರಾತ್ರಿ ಊಟ ರುಚಿಸಲಿಲ್ಲವೆಂದು ಹೇಳಲು ಸಂಕೋಚವಿಲ್ಲ.

ಚಿತ್ರದ ರೀತಿ ಮಾತ್ರ ಬೇಕೆಂದೇ ಹಳೆಯದು. 1980ರ ದಶಕದಲ್ಲಿ ಜಪಾನಿನ ನಿಂಟೆಂಡೋ ಕಂಪೆನಿಯು ಮನೆಮನೆಗೆ ಮಾರಿದ ಯಂತ್ರವು 256 ಅಗಲ, 240 ಎತ್ತರದ ಚುಕ್ಕೆಗಳಲ್ಲಿಯೇ ಲೋಕವನ್ನೆಲ್ಲ ತೋರಿಸಬೇಕಾಗಿತ್ತು. ಅದಕ್ಕೂ ಮೊದಲು, 1981ರಲ್ಲಿ, ಮಿಯಾಮೊಟೊ ಎಂಬವರು ಮಾರಿಯೋ ಎಂಬ ಬೊಂಬೆಯನ್ನು ರಚಿಸುವಾಗ ಬಾಯಿ ಬರೆಯಲು ಚುಕ್ಕೆ ಸಾಲದೆ ಮೀಸೆ ಇಟ್ಟರು, ಕೂದಲು ಬರೆಯುವ ಕಷ್ಟ ತಪ್ಪಿಸಲು ಟೋಪಿ ತೊಡಿಸಿದರು. ಇಂದು ಆ ಕಟ್ಟುಪಾಡು ಯಂತ್ರಕ್ಕಿಲ್ಲ. ಆದರೂ ಆ ಮಿತವ್ಯಯದ ಸೊಗಸಿಗೆ ಮನಸೋತವರು ಅದೇ ರೀತಿಯಲ್ಲಿ ಬರೆಯುತ್ತಾರೆ. ನಮ್ಮ ತರುಣನ ದೋಣಿಯವನಿಗೂ ಕಣ್ಣು ಮೂಗುಗಳಿಲ್ಲ. ತಲೆಯ ಮೇಲಿನ ಮುಟ್ಟಾಳೆಯೊಂದರಿಂದಲೇ ಅವನು ತುಳುನಾಡಿನವನೆಂದು ಗೊತ್ತಾಗುತ್ತದೆ.

ಇನ್ನು ಅಂಗಡಿಯ ವಿಚಾರ. ಅಮೆರಿಕದ ವಾಲ್ವ್ ಕಂಪೆನಿಯವರು 2003ರಲ್ಲಿ ತೆರೆದ ‘ಸ್ಟೀಮ್’ ಎಂಬುದು ಇಂತಹ ಆಟಗಳ ಬಹು ದೊಡ್ಡ ಸಂತೆ. ಒಂದು ಆಟಕ್ಕೆ 100 ಡಾಲರು ಕಟ್ಟಿದರೆ ಯಾರಾದರೂ ಅಲ್ಲಿ ಗೂಡಂಗಡಿ ಇಡಬಹುದು. 2024 ಒಂದೇ ವರ್ಷದಲ್ಲಿ ಅಲ್ಲಿಗೆ ಬಂದ ಹೊಸ ಆಟಗಳು 18 ಸಾವಿರಕ್ಕೂ ಮಿಕ್ಕಿವೆ. ದಿನಕ್ಕೆ ಸುಮಾರು ಐವತ್ತು! ಪಟ್ಟಿಯಲ್ಲಿ ತೋರುವ ಅತಿ ಸಣ್ಣ ಚಿತ್ರವನ್ನು 462 ಅಗಲ, 174 ಎತ್ತರದ ಚುಕ್ಕೆಗಳಲ್ಲಿ ಕೇಳಿ ಪಡೆದು, ತೋರಿಸುವಾಗ ಇನ್ನೂ ಕುಗ್ಗಿಸುತ್ತಾರೆ. 2022ರ ಸೆಪ್ಟೆಂಬರಿನಿಂದ ಆ ಚಿತ್ರದ ಮೇಲೆ ಆಟದ ಹೆಸರಲ್ಲದೆ ಪ್ರಶಂಸೆಯ ಮಾತು, ಬಹುಮಾನದ ಸುದ್ದಿ, ರಿಯಾಯಿತಿಯ ಘೋಷಣೆ ಯಾವುದನ್ನೂ ಬರೆಯಕೂಡದೆಂದು ನಿಯಮವಿದೆ. ಇದು ಯೋಗ್ಯ ನಿಯಮವೇ. ಆದಕಾರಣ ಗಿರಾಕಿಯ ಕಣ್ಣು ಪಟ್ಟಿಯ ಮೇಲೆ ಜಾರುವ ಒಂದು ಕ್ಷಣದಲ್ಲಿ ಚಿತ್ರವೂ ಹೆಸರೂ ಮಾಡಿದಷ್ಟೇ ಕೆಲಸ.

ಮೊದಲನೆಯ ಚಿತ್ರ ನೋಡಿದೊಡನೆ ಕಣ್ಣು ಕೋರೈಸಿತು. ಮಿಂಚು, ಬೆಟ್ಟದಷ್ಟು ಎತ್ತರದ ಅಲೆ, ಜಟ್ಟಿಯಂತಹ ಮೈಕಟ್ಟಿನ ವೀರನೊಬ್ಬ, ಅವನ ಕೆಳಗೆ ಯಾವುದೋ ಉತ್ತರ ಸಮುದ್ರದ ಹಡಗು. ಕೃತಕ ಬುದ್ಧಿಯ ಯಂತ್ರದಿಂದ ಅರ್ಧ ಘಳಿಗೆಯಲ್ಲಿ ತೆಗೆಸಿದ್ದೆಂದು ತಿಳಿಯಿತು. ನೇತ್ರಾವತಿಯಲ್ಲಿ ಅಂತಹ ಅಲೆ ಏಳುವುದುಂಟೇ? 1987ರಲ್ಲಿ ‘ಮೆಗಾ ಮ್ಯಾನ್’ ಎಂಬ ಜಪಾನೀ ಆಟವನ್ನು ಅಮೆರಿಕದಲ್ಲಿ ಮಾರಿದಾಗ, ಒಳಗೆ ತೋಳನ್ನೇ ಫಿರಂಗಿ ಮಾಡಿಕೊಂಡ ಯಂತ್ರಬಾಲಕನಿದ್ದರೆ, ಪೆಟ್ಟಿಗೆಯ ಮೇಲೆ ಪಿಸ್ತೂಲು ಹಿಡಿದ ನಡುವಯಸ್ಸಿನವನೊಬ್ಬನ ಚಿತ್ರವಿತ್ತು. ಅದು ಎಷ್ಟು ನಗೆಗೀಡಾಯಿತೆಂದರೆ 2012ರಲ್ಲಿ ಆ ಕಂಪೆನಿಯೇ ತನ್ನ ಮತ್ತೊಂದು ಆಟದಲ್ಲಿ ಅವನನ್ನು ಹಾಸ್ಯಗಾರನಂತೆ ಕುಣಿಸಿತು.

ಹಾಗಾದರೆ 1977ರಲ್ಲಿ ಅಟಾರಿ ಕಂಪೆನಿಯವರು ನಾಲ್ಕಾರು ಚೌಕಗಳ ಆಟಕ್ಕೆ ಕ್ಲಿಫ್ ಸ್ಪೋನ್ ಎಂಬ ಚಿತ್ರಕಾರರಿಂದ ವರ್ಣಮಯ ಚಿತ್ರ ಬರೆಸಿದ್ದು ಮೋಸವಲ್ಲವೇ ಎಂದು ತರುಣನು ಕೇಳಿದನು. ಪ್ರಶ್ನೆ ಸರಿಯಾದುದೇ. ಆ ಚಿತ್ರಕಾರರು ಒಳಗಿದ್ದ ಟ್ಯಾಂಕನ್ನೂ ವಿಮಾನವನ್ನೂ ದೊಡ್ಡದಾಗಿ ಕಲ್ಪಿಸಿದರೇ ಹೊರತು ಒಳಗಿಲ್ಲದ ಸರಕನ್ನು ಹೊರಗೆ ತೂಗುಹಾಕಲಿಲ್ಲವೆಂಬುದು ನಮ್ಮ ಉತ್ತರ. ಮೇಲಾಗಿ ಅಂದು ಕೊಂಡವನು ಮನೆಗೆ ಹೋಗಿ ಕೊರಗಬೇಕಿತ್ತು. ಇಂದು ಮುಖಚಿತ್ರದ ಹಿಂದೆಯೇ ಆಟದ ಚಲಿಸುವ ಚಿತ್ರವೂ ಕಾಣುತ್ತದೆ. ಕೊಂಡ ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ಹಿಂದಕ್ಕೆ ಪಡೆಯಬಹುದು. ಯಂತ್ರದ ಸಹಾಯವಿದ್ದರೆ ಅದನ್ನು ಅಂಗಡಿಯ ಪುಟದಲ್ಲಿ ಪ್ರಕಟಿಸಬೇಕೆಂಬ ನಿಯಮವೂ 2024ರ ಜನವರಿಯಿಂದ ಇದೆ. ನಾಲ್ಕು ವರ್ಷ ಒಂದೊಂದೇ ಚುಕ್ಕೆಯಿಟ್ಟು ಬರೆದವನು ಬಾಗಿಲಿನಲ್ಲಿಯೇ ಇಂತಹ ಫಲಕ ತೂಗಿಸಿಕೊಳ್ಳುವುದು ನಮಗಂತೂ ಸಹ್ಯವೆನಿಸಲಿಲ್ಲ.

ಇಂತಹ ತಪ್ಪನ್ನು ನಾವೂ ಮಾಡದೆ ಇಲ್ಲ. ಹಲವು ವರ್ಷಗಳ ಹಿಂದೆ ನಮ್ಮ ದೀಪಾವಳಿ ಸಂಚಿಕೆಯ ಹೊದಿಕೆಗೆ, ಒಳಗೆ ಅಡಿಕೆಯ ಧಾರಣೆ, ಭೂಸುಧಾರಣೆಯ ಲೇಖನಗಳೇ ತುಂಬಿದ್ದರೂ, ಚಲಚ್ಚಿತ್ರದ ನಟಿಯೊಬ್ಬಳ ಬಣ್ಣದ ಚಿತ್ರ ಹಾಕಿದೆವು. ಪ್ರತಿಗಳೇನೋ ಮಾರಿಹೋದವು. ಮರುವರ್ಷ ಏಜೆಂಟರು ಅರ್ಧಕ್ಕರ್ಧ ಕಟ್ಟುಗಳನ್ನು ಬಿಚ್ಚದೆಯೇ ಹಿಂದಕ್ಕೆ ಕಳುಹಿದರು.

ಎರಡನೆಯ ಚಿತ್ರ ಆಟದೊಳಗಿನ ದೃಶ್ಯವೊಂದನ್ನೇ ಹಿಗ್ಗಿಸಿದ್ದು. ಪ್ರಾಮಾಣಿಕವಾದುದು, ಸಂದೇಹವಿಲ್ಲ, ಆದರೆ ಇಪ್ಪತ್ತು ಮಾಡು, ಹತ್ತು ಮರ, ನಾಲ್ಕು ದನ, ಎಲ್ಲವೂ ಒಂದೇ ಗಾತ್ರ. ನಾವು ಅದನ್ನು ಬೆಂಕಿಪೆಟ್ಟಿಗೆಯ ಚೀಟಿಯಷ್ಟು ಚಿಕ್ಕದಾಗಿ ಅಚ್ಚು ತೆಗೆಸಿ ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ದೂರ ನಿಂತೆವು. ಕೆಸರಿನ ಕಲೆಯಂತೆ ಕಂಡಿತು. ಓದು ಬಾರದವರೂ ಬೀಡಿಯ ಕಟ್ಟನ್ನು ಅದರ ಚೀಟಿಯ ಚಿತ್ರದಿಂದ ಗುರುತಿಸಿ ಕೇಳುತ್ತಿದ್ದುದು ಚೀಟಿಯಲ್ಲಿ ಒಂದೇ ಗುರುತಿದ್ದುದರಿಂದ.

ಮೂರನೆಯದು ಅವನ ತಂಗಿಯು ಕೈಯಿಂದ ಬರೆದದ್ದು. ಕಾವಿಬಣ್ಣದ ನೀರು, ನಡುವೆ ಒಂದು ದೋಣಿ, ಬೆನ್ನು ತಿರುಗಿಸಿ ನಿಂತ ಮುಟ್ಟಾಳೆಯವನು, ದೋಣಿಯ ಅಂಚಿಗೆ ತಾಗಿದಂತೆ ನೀರಿನಿಂದ ಮೇಲೆದ್ದ ಒಂದು ಜೊತೆ ಕೊಂಬು. ಅಷ್ಟೇ. ದನವನ್ನು ಹತ್ತಿಸಿಕೊಳ್ಳುವನೇ, ಬಿಡುವನೇ? ಆಟದ ಪ್ರಾಣವೇ ಅಲ್ಲಿದೆ. ಬಣ್ಣಗಳೂ ಆಟದೊಳಗಿನವೇ ಆದುದರಿಂದ ಚಿತ್ರದಿಂದ ಆಟಕ್ಕೆ ಕಾಲಿಟ್ಟವನು ಬೇರೆ ಮನೆಗೆ ಬಂದೆನೆಂದು ಗಾಬರಿಗೊಳ್ಳನು. ದೋಷವಿರುವುದು ಅಕ್ಷರಗಳಲ್ಲಿ. ಹೆಸರನ್ನು ಕೆಳಮೂಲೆಯಲ್ಲಿ ಮದುವೆಯ ಕಾಗದದಂತೆ ಬಳುಕಿಸಿ ಬರೆದಿರುವುದರಿಂದ ಕುಗ್ಗಿಸಿದಾಗ ಇರುವೆಯ ಸಾಲಾಗುತ್ತದೆ. ಸಣ್ಣ ಚಿತ್ರದಲ್ಲಿ ಹೆಸರೇ ಹೆಚ್ಚು ಕಡಿಮೆ ಜಾಗವನ್ನೆಲ್ಲ ತುಂಬಬೇಕು. ನೀರು, ಆಕಾಶ ಎಷ್ಟು ಕತ್ತರಿಸಿಹೋದರೂ ಚಿಂತೆಯಿಲ್ಲ.

ಹೆಸರು ಕನ್ನಡದ ಅಕ್ಷರಗಳಲ್ಲಿರಬೇಕೆಂದು ನಾವು ಹಟ ಹಿಡಿಯುವೆವೆಂದು ತರುಣನು ಅಂಜಿದ್ದನಂತೆ. ಎರಡು ಲಿಪಿಗಳನ್ನು ಅಷ್ಟು ಇಕ್ಕಟ್ಟಿನಲ್ಲಿ ತುರುಕಿದರೆ ಎರಡೂ ಓದಿಸಿಕೊಳ್ಳಲಾರವೆಂಬುದನ್ನು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಕೊಂಡೆವು. ಸಣ್ಣ ಚಿತ್ರದಲ್ಲಿ ರೋಮನ್ ಲಿಪಿಯಿರಲಿ, 600 ಅಗಲ 900 ಎತ್ತರದ ದೊಡ್ಡ ಚಿತ್ರದಲ್ಲಿ ಕನ್ನಡವೂ ಇರಲಿ ಎಂಬುದು ರಾಜಿ. ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಅವರು ಸ್ಥಾಪಿಸಿದ ಧ್ರುವ ಇಂಟರ್ಯಾಕ್ಟಿವ್ ಸಂಸ್ಥೆಯಲ್ಲಿ ನಮ್ಮ ಹುಡುಗರು ವರ್ಷಾನುಗಟ್ಟಲೆ ಪರದೇಶದ ಆಟಗಳಿಗೆ ಚಿತ್ರ ಬರೆದುಕೊಟ್ಟರು. 2019ರಲ್ಲಿ ಅದು ಪರದೇಶದ ಕಂಪೆನಿಯೊಂದರ ಕೈಸೇರಿತು. ಕೈಗುಣಕ್ಕೆ ನಮ್ಮಲ್ಲಿ ಎಂದೂ ಕೊರತೆಯಿರಲಿಲ್ಲ, ಹೊದಿಕೆಯ ಮೇಲೆ ನಮ್ಮ ನದಿಯ ಹೆಸರು ಬರುವುದಕ್ಕೆ ಇಷ್ಟು ಕಾಲ ಹಿಡಿಯಿತು.

ಅಕ್ಷರಗಳನ್ನು ತಿದ್ದಿ ಮುಂದಿನ ವಾರ ತರುವುದಾಗಿ ಹೇಳಿ ತರುಣನು ಹೊರಟನು. ಹಡಗಿನ ಚಿತ್ರವನ್ನು ನಮ್ಮ ಮೇಜಿನ ಮೇಲೆಯೇ ಬಿಟ್ಟುಹೋಗಿದ್ದಾನೆ. ಏನು ತಿದ್ದಿದರೂ ಆ ಕೊಂಬುಗಳನ್ನು ಮಾತ್ರ ಮುಟ್ಟಬಾರದೆಂದು ತಂಗಿಗೆ ಹೇಳಿಕಳುಹಿದ್ದೇವೆ.