ಪ್ರವಾಸದ ಇಂಗಾಲ: ಟವೆಲ್ ಉಳಿಸಿದರೆ ಸಾಕೇ?

‘ಟವೆಲನ್ನು ಇನ್ನೊಂದು ದಿನ ಬಳಸಿ, ಭೂಮಿ ಉಳಿಸಿ’ ಎಂಬ ಚೀಟಿಯನ್ನು ಹೋಟೆಲ್ ರೂಮಿನಲ್ಲಿ ನೋಡಿರುತ್ತೀರಿ. ಸ್ಟೀಲ್ ಬಾಟಲಿ ಒಯ್ದರೆ ಪ್ರವಾಸ ‘ಹಸಿರು’ ಆಗುತ್ತದೆ ಎನ್ನುವ ಮೆಸೇಜುಗಳೂ ಬರುತ್ತಿರುತ್ತವೆ. ಎರಡೂ ಒಳ್ಳೆಯ ಅಭ್ಯಾಸಗಳೇ. ನೀರು ಉಳಿಯುತ್ತದೆ, ಕಸ ಕಡಿಮೆಯಾಗುತ್ತದೆ. ಆದರೆ ಇಂಗಾಲದ ಲೆಕ್ಕದಲ್ಲಿ ಇವುಗಳ ಪಾಲು ತೀರಾ ಸಣ್ಣದು. ದೊಡ್ಡ ಪಾಲು ನೀವು ಎಷ್ಟು ದೂರ ಹೋದಿರಿ, ಯಾವುದರಲ್ಲಿ ಹೋದಿರಿ ಎನ್ನುವುದರದ್ದು.

ಪ್ರವಾಸೋದ್ಯಮದ ಪಾಲು ಜಗತ್ತಿನ ಒಟ್ಟು ಹಸಿರುಮನೆ ಅನಿಲಗಳಲ್ಲಿ ಶೇ. 3ರಷ್ಟು ಎಂದು ಹಿಂದೆ ಅಂದಾಜಿಸುತ್ತಿದ್ದರು. 2018ರಲ್ಲಿ ‘ನೇಚರ್ ಕ್ಲೈಮೇಟ್ ಚೇಂಜ್’ ಪತ್ರಿಕೆಯಲ್ಲಿ ಬಂದ ಅಧ್ಯಯನವು ಪ್ರವಾಸಿಗರು ತಿನ್ನುವ ಊಟ, ಕೊಳ್ಳುವ ವಸ್ತು, ಹೋಟೆಲಿನ ಕರೆಂಟು ಎಲ್ಲವನ್ನೂ ಸೇರಿಸಿ ನೋಡಿತು. ಆಗ ಸಿಕ್ಕಿದ್ದು ಶೇ. 8. ಅದರ ಮುಂದುವರಿಕೆಯಾಗಿ 2024ರಲ್ಲಿ ಬಂದ ಅಧ್ಯಯನದ ಪ್ರಕಾರ 2019ರಲ್ಲಿ ಇದು ಶೇ. 8.8, ಅಂದರೆ ಸುಮಾರು 520 ಕೋಟಿ ಟನ್. ಇದರಲ್ಲಿ ವಿಮಾನಗಳದ್ದೇ ಐದನೇ ಒಂದು ಭಾಗ. ಅದರ ಹಿಂದೆ ಪೆಟ್ರೋಲ್-ಡೀಸೆಲ್ ವಾಹನಗಳು ಮತ್ತು ವಿದ್ಯುತ್.

ವಿಮಾನಗಳ ಎಂಜಿನ್ ಸುಧಾರಿಸಿದೆಯಲ್ಲವೇ? ಹೌದು, ಒಬ್ಬ ಪ್ರಯಾಣಿಕನಿಗೆ ತಗಲುವ ಇಂಧನ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಬಂದಿದೆ. ಆದರೆ ಹಾರುವವರ ಸಂಖ್ಯೆ ಅದಕ್ಕಿಂತ ವೇಗವಾಗಿ ಏರಿದೆ. 2009ರಿಂದ 2019ರವರೆಗೆ ಪ್ರವಾಸದ ಹೊರಸೂಸುವಿಕೆ ವರ್ಷಕ್ಕೆ ಶೇ. 3.5ರಷ್ಟು ಹೆಚ್ಚಿತು. ಈ ಏರಿಕೆಯ ಬಹುಪಾಲು ಅಮೆರಿಕ, ಚೀನಾ ಮತ್ತು ಭಾರತದಿಂದ. ಇನ್ನೂ ಒಂದು ಸಂಗತಿ: ದೇಶಗಳ ನಡುವಿನ ವಿಮಾನಗಳ ಇಂಧನಕ್ಕೆ ಸಾಮಾನ್ಯವಾಗಿ ತೆರಿಗೆಯೇ ಇಲ್ಲ. ನಿಮ್ಮ ಬೈಕಿಗೆ ಹಾಕಿಸುವ ಪೆಟ್ರೋಲಿಗೆ ಆ ಭಾಗ್ಯವಿಲ್ಲ!

ಹಾಗೆಂದು ನಮ್ಮ ದೇಶದ ಪ್ರತಿಯೊಬ್ಬರನ್ನೂ ದೂರುವುದು ಸರಿಯಲ್ಲ. 2018ರಲ್ಲಿ ವಿಮಾನ ಹತ್ತಿದವರು ಜಗತ್ತಿನ ಜನರಲ್ಲಿ ಸುಮಾರು ಶೇ. 11 ಮಂದಿ ಮಾತ್ರ ಎಂದು ಒಂದು ಅಂದಾಜು. ಪ್ರಯಾಣಿಕ ವಿಮಾನಗಳ ಅರ್ಧದಷ್ಟು ಇಂಗಾಲಕ್ಕೆ ಪದೇಪದೇ ಹಾರುವ ಶೇ. 1 ಮಂದಿ ಕಾರಣ ಎಂದೂ ಅದೇ ಅಂದಾಜು ಹೇಳುತ್ತದೆ.

ನೀವೇ ಒಂದು ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಬೆಂಗಳೂರಿನಿಂದ ಹಂಪಿಗೆ ಕಾರಿನಲ್ಲಿ ಹೋಗಿ ಬಂದರೆ ಸುಮಾರು 700 ಕಿ.ಮೀ. ಲೀಟರಿಗೆ 15 ಕಿ.ಮೀ. ಕೊಟ್ಟರೂ 107 ಕಿಲೋ ಆಯಿತು. ಒಬ್ಬರೇ ಹೋದರೆ ಅಷ್ಟೂ ನಿಮ್ಮದೇ. ನಾಲ್ವರು ಕೂತರೆ ತಲೆಗೆ 27 ಕಿಲೋ. ಹೊಸಪೇಟೆವರೆಗೆ ರೈಲಿನಲ್ಲಿ ಹೋದರೆ ಇನ್ನೂ ಕಡಿಮೆ. ಅದೇ ಬೆಂಗಳೂರಿನಿಂದ ಪ್ಯಾರಿಸ್‌ಗೆ ವಿಮಾನದಲ್ಲಿ ಹೋಗಿ ಬಂದರೆ, ಎಕಾನಮಿ ಸೀಟಿನಲ್ಲೇ ಒಬ್ಬರಿಗೆ ಒಂದು ಟನ್ ದಾಟುತ್ತದೆ. ಒಬ್ಬ ಭಾರತೀಯನ ಇಡೀ ವರ್ಷದ ಸರಾಸರಿ ಸುಮಾರು ಎರಡು ಟನ್.